ಕೊಟ್ಟದ್ದಲ್ಲ, ಗಳಿಸಿದ್ದು: ಮಾಂಟೆವಿಡಿಯೋ ನಗರದ ಪಾಠ

ದಕ್ಷಿಣ ಅಮೆರಿಕದ ಹೆಸರೆತ್ತಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕಾಲ್ಚೆಂಡಿನ ಆಟ. ಇಲ್ಲವೆ ಬೆಳಗಾಗುವುದರೊಳಗೆ ಸರ್ಕಾರವನ್ನು ಉರುಳಿಸುವ ಸೇನಾಪತಿಗಳು. ಉರುಗ್ವೆ ದೇಶದ ರಾಜಧಾನಿ ಮಾಂಟೆವಿಡಿಯೋ ಈ ಎರಡನ್ನೂ ಕಂಡಿದೆ. ಆದರೆ ಗಿರಣಿಯಲ್ಲಿ ದುಡಿಯುವವನೂ ಬೀದಿಯ ಮೂಲೆಯಲ್ಲಿ ಅಂಗಡಿಯಿಟ್ಟವನೂ ಆ ನಗರವನ್ನು ತಿಳಿಯಬೇಕಾದದ್ದು ಬೇರೊಂದು ಕಾರಣಕ್ಕೆ. 1915ನೆಯ ಇಸವಿ ನವೆಂಬರ್ 17ರಂದು ಅಲ್ಲಿ ದಿನಕ್ಕೆ ಎಂಟೇ ಗಂಟೆ ದುಡಿಮೆಯೆಂದು ಕಾನೂನಾಯಿತು. ಆ ಹೊತ್ತಿಗೆ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಯಲ್ಲಿದ್ದದ್ದು 1911ರ ಕಾರ್ಖಾನೆ ಕಾನೂನು. ಅದರ ಪ್ರಕಾರ ಬಟ್ಟೆ ಗಿರಣಿಯಲ್ಲಿ ವಯಸ್ಕ ಗಂಡಸನ್ನು ದಿನಕ್ಕೆ ಹನ್ನೆರಡು ಗಂಟೆ ದುಡಿಸಬಹುದಾಗಿತ್ತು.

ಹಾಗಾದರೆ ಅಲ್ಲಿಯ ಆಳುವವರು ಅಷ್ಟು ದಯಾಳುಗಳಾಗಿದ್ದರೆ? ನಗರದ ಚರಿತ್ರೆಯಲ್ಲೇ ಉತ್ತರವಿದೆ.

ಮಾಂಟೆವಿಡಿಯೋ ಹುಟ್ಟಿದ್ದು ಜನರ ಅನುಕೂಲಕ್ಕಲ್ಲ, ದೊರೆಗಳ ಜಗಳಕ್ಕೆ. ಪ್ಲಾಟಾ ನದೀಮುಖದ ಉತ್ತರ ದಂಡೆಯ ಮೇಲೆ ಪೋರ್ಚುಗೀಸರು ಕಾಲೂರದಂತೆ ತಡೆಯಲು, ಬ್ಯೂನಸ್ ಐರಿಸ್‌ನ ಸ್ಪೇನಿನ ಗವರ್ನರ್ ಜಬಾಲಾ 1724ರಲ್ಲಿ ಇಲ್ಲಿ ಕೋಟೆಗೆ ಅಡಿಗಲ್ಲಿಟ್ಟ. 1726ರಲ್ಲಿ ಕೆನರಿ ದ್ವೀಪಗಳಿಂದ ಬಡ ಕುಟುಂಬಗಳನ್ನು ಹಡಗಿನಲ್ಲಿ ತಂದು ಇಳಿಸಿದರು. ಒಳ್ಳೆಯ ಬಂದರು; ಆದ್ದರಿಂದ ವ್ಯಾಪಾರ ಬೆಳೆಯಿತು. ಆ ವ್ಯಾಪಾರದ ಒಂದು ಸರಕು ಮನುಷ್ಯರೇ ಆಗಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಈ ಭಾಗಕ್ಕೆ ಆಫ್ರಿಕದ ಗುಲಾಮರನ್ನು ಇಳಿಸುವ ಮುಖ್ಯ ರೇವು ಇದೇ. ಇಂದು ಆ ನಗರದ ಬೀದಿಗಳಲ್ಲಿ ಹಬ್ಬದ ದಿನ ಮೊಳಗುವ ಕಾಂದೊಂಬೆ ನಗಾರಿಗಳು ಆ ಗುಲಾಮರ ಮಕ್ಕಳು ಉಳಿಸಿಕೊಂಡು ಬಂದ ಸ್ವತ್ತು. ಪ್ರವಾಸಿಗಳಿಗೆ ಅದು ವಿನೋದ. ಚರಿತ್ರೆ ಬಲ್ಲವನಿಗೆ ಅದು ಸಾಕ್ಷಿ.

ಸ್ವಾತಂತ್ರ್ಯದ ಹೋರಾಟದಲ್ಲಿ ಆರ್ಟಿಗಾಸ್ ಎಂಬ ನಾಯಕ 1815ರಲ್ಲಿ ಒಂದು ಭೂಮಿಯ ಕಟ್ಟಳೆ ಹೊರಡಿಸಿದ. ಕ್ರಾಂತಿಯ ವಿರೋಧಿಗಳಾದ ದೊಡ್ಡವರ ಜಮೀನನ್ನು ವಶಪಡಿಸಿಕೊಂಡು, ಬಿಡುಗಡೆ ಪಡೆದ ಕರಿಯರಿಗೂ ಮೂಲನಿವಾಸಿಗಳಿಗೂ ಬಡವರಿಗೂ ಹಂಚಬೇಕು, ಎಲ್ಲರಿಗಿಂತ ದುರ್ಭಾಗ್ಯರಿಗೆ ಮೊದಲ ಪಾಲು ಸಿಗಬೇಕು ಎಂಬುದು ಅದರ ತಿರುಳು. ಆರ್ಟಿಗಾಸ್ ಸೋತು ದೇಶ ಬಿಟ್ಟು ಹೋದ, ಕಟ್ಟಳೆಯೂ ಹೋಯಿತು. ಇಂಗ್ಲೆಂಡಿನ ಮಧ್ಯಸ್ಥಿಕೆಯಲ್ಲಿ 1828ರಲ್ಲಿ ದೇಶ ಸ್ವತಂತ್ರವೆನಿಸಿಕೊಂಡಿತು. 1830ರ ಜುಲೈ 18ರಂದು ಸಂವಿಧಾನದ ಪ್ರಮಾಣವಾಯಿತು. ನಗರದ ರಾಜಬೀದಿಗೆ ಇಂದಿಗೂ ಆ ತಾರೀಖಿನದೇ ಹೆಸರು. ಮರುವರ್ಷವೇ, 1831ರಲ್ಲಿ, ಹೊಸ ಸರ್ಕಾರ ಚಾರುವಾ ಎಂಬ ಮೂಲನಿವಾಸಿಗಳನ್ನು ಸಾಲ್ಸಿಪುವೆದೆಸ್ ಎಂಬಲ್ಲಿ ಕೊಲ್ಲಿಸಿತು. ಸಂವಿಧಾನ ಬಂತು, ಭೂಮಿ ಮಾತ್ರ ದೊಡ್ಡವರಲ್ಲೇ ಉಳಿಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆಮೇಲೆ ಇಟಲಿಯಿಂದ, ಸ್ಪೇನಿನಿಂದ ಕೂಲಿಕಾರರು ಹಡಗು ಹಡಗಾಗಿ ಬಂದರು. ಕೊಲ್ಲಿಯ ಆಚೆ ಬದಿಯ ಗುಡ್ಡದ ಬುಡದಲ್ಲಿ 1834ರಲ್ಲಿ ಹುಟ್ಟಿದ ಸೆರ್ರೋ ಎಂಬ ಬಡಾವಣೆಯ ಬೀದಿಗಳಿಗೆ ಇಂದಿಗೂ ದೇಶ ದೇಶಗಳ ಹೆಸರಿದೆ. ಮುಂದೆ ಅಲ್ಲಿ ದೊಡ್ಡ ಮಾಂಸದ ಕಾರ್ಖಾನೆಗಳು ಎದ್ದವು. ವಲಸೆ ಬಂದವರು ತಮ್ಮ ಗಂಟಿನೊಡನೆ ಸಂಘಟನೆಯ ವಿಚಾರವನ್ನೂ ತಂದಿದ್ದರು. 1910ರಲ್ಲಿ ಎಮಿಲಿಯೊ ಫ್ರುಗೋನಿ ಎಂಬ ವಕೀಲ ಸಮಾಜವಾದಿ ಪಕ್ಷದಿಂದ ಮೊದಲ ಬಾರಿಗೆ ಪಾರ್ಲಿಮೆಂಟಿಗೆ ಆರಿಸಿ ಹೋದರು. 1911ರಲ್ಲಿ ಟ್ರಾಮ್ ಕೆಲಸಗಾರರ ಜಗಳದಿಂದ ಹೊತ್ತಿಕೊಂಡು ಇಡೀ ನಗರದಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ಆಗ ಅಧ್ಯಕ್ಷರಾಗಿದ್ದ ಹೋಸೆ ಬಾಟ್ಯೆ ಸಮಾಜವಾದಿಯಲ್ಲ, ಆದರೆ ಕಾಲದ ಗಾಳಿ ಬಲ್ಲವರು. 1906ರಲ್ಲಿ ಅವರೇ ಕಳಿಸಿದ್ದ ಎಂಟು ಗಂಟೆಯ ಮಸೂದೆ ಮೂಲೆ ಸೇರಿತ್ತು. 1911ರಲ್ಲಿ ಮತ್ತೆ ಕಳಿಸಿದರು. ಅದು ಕಾನೂನಾಗಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಮಾಲೀಕರು ಕಾರ್ಖಾನೆ ಮುಳುಗುತ್ತದೆಂದು ಕೂಗಿದರು. ಕಾರ್ಖಾನೆ ಮುಳುಗಲಿಲ್ಲ. ಇದೇ ಕಾಲದಲ್ಲಿ ವಿಮೆ, ವಿದ್ಯುತ್ತು, ಮುಖ್ಯ ಬ್ಯಾಂಕು ಸರ್ಕಾರದ ಕೈಗೆ ಬಂದವು. ಹೆಂಗಸು ತನ್ನೊಬ್ಬಳ ಇಚ್ಛೆಯಿಂದಲೇ ವಿಚ್ಛೇದನ ಪಡೆಯಬಹುದೆಂಬ ಕಾನೂನು 1913ರಲ್ಲೇ ಬಂತು.

ಅಧ್ಯಕ್ಷರು ಒಳ್ಳೆಯವರಿದ್ದರು, ಸರಿ. ಆದರೆ ಬೀದಿಯಲ್ಲಿ ಟ್ರಾಮ್ ನಿಲ್ಲದೆ ಇದ್ದಿದ್ದರೆ ಆ ಒಳ್ಳೆಯತನ ಕಾಗದದಲ್ಲೇ ಉಳಿಯುತ್ತಿತ್ತು.

ಕಾಲ್ಚೆಂಡಿನ ಮಾತೂ ಒಂದಿಷ್ಟು ಇರಲಿ. 1930ರಲ್ಲಿ ಮೊದಲ ವಿಶ್ವಕಪ್ ನಡೆದದ್ದು ಈ ನಗರದಲ್ಲೇ. ಆತಿಥೇಯರು ಆರ್ಜೆಂಟೀನವನ್ನು 4-2ರಿಂದ ಸೋಲಿಸಿದರು. 1950ರಲ್ಲಿ ರಿಯೋ ಡಿ ಜನೈರೋದಲ್ಲಿ ಬ್ರೆಜಿಲನ್ನು ಸೋಲಿಸಿದ ತಂಡದ ನಾಯಕ ಒಬ್ದುಲಿಯೊ ವರೇಲಾ. ಅದಕ್ಕೆ ಎರಡು ವರ್ಷ ಮೊದಲು, 1948ರಲ್ಲಿ, ಆಟಗಾರರ ಹಕ್ಕಿಗಾಗಿ ನಡೆದ ಮುಷ್ಕರದ ಮುಂದಾಳುಗಳಲ್ಲಿ ಇದೇ ವರೇಲಾ ಒಬ್ಬ. ಕಪ್ಪಿನ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಮುಷ್ಕರದ ಸುದ್ದಿಯನ್ನು ನಮ್ಮಂಥ ಪತ್ರಿಕೆಯೇ ಹೇಳಬೇಕು.

ಇಷ್ಟೆಲ್ಲ ಇದ್ದ ಮೇಲೆ ಆ ನಗರ ಸುಖವಾಗಿರಬೇಕಿತ್ತಲ್ಲವೆ? ಇರಲಿಲ್ಲ. ನಗರದಲ್ಲಿ ಕಾನೂನು ಬದಲಾಯಿತು, ಹಳ್ಳಿಗಾಡಿನ ದೊಡ್ಡ ದೊಡ್ಡ ದನಕುರಿಗಳ ಜಮೀನ್ದಾರಿ ಬದಲಾಗಲಿಲ್ಲ. ಉಣ್ಣೆಗೂ ಮಾಂಸಕ್ಕೂ ಹೊರದೇಶದಲ್ಲಿ ಬೆಲೆಯಿರುವ ತನಕ ರಾಜಧಾನಿಯ ಪಿಂಚಣಿ, ಸಂಬಳ, ಶಾಲೆ, ಆಸ್ಪತ್ರೆ ಎಲ್ಲ ನಡೆದವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನು ಉರುಗ್ವೆಯ ಮಾಂಸ ತಿಂದು ಹಣವನ್ನು ಲಂಡನ್ನಿನಲ್ಲೇ ಬಾಕಿ ಉಳಿಸಿಕೊಂಡಿತು. ನಮ್ಮ ದೇಶಕ್ಕೂ ಹೀಗೆಯೇ ಸ್ಟರ್ಲಿಂಗ್ ಬಾಕಿಯಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಯುದ್ಧ ಮುಗಿದ ಮೇಲೆ ಆ ಬಾಕಿಯ ಬದಲಿಗೆ ಬ್ರಿಟಿಷ್ ಕಂಪನಿಗಳ ಹಳೆಯ ರೈಲ್ವೆಯೂ ನೀರಿನ ಕಂಪನಿಯೂ ಉರುಗ್ವೆಯ ಪಾಲಿಗೆ ಬಂದವು. ಕೊರಿಯಾ ಯುದ್ಧ ನಿಂತಿತು, ಉಣ್ಣೆಯ ಬೆಲೆ ಕುಸಿಯಿತು. 1957ರಲ್ಲಿ ಸ್ವಿಫ್ಟ್, ಆರ್ಮರ್ ಎಂಬ ಅಮೆರಿಕನ್ ಮಾಂಸ ಕಂಪನಿಗಳು ಸೆರ್ರೋದ ಬಾಗಿಲು ಮುಚ್ಚಿ ಹೊರಟವು. ಕಾರ್ಖಾನೆಯ ಬಾಗಿಲು ಮುಚ್ಚಿದ ಊರಿನಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಗತಿ ಏನೆಂದು ನಮ್ಮ ವ್ಯಾಪಾರಿ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕೂಲಿಕಾರನ ಬಟವಾಡೆಯೇ ಚಿಲ್ಲರೆ ಅಂಗಡಿಯ ಬಂಡವಾಳ.

ಬೆಲೆ ಏರಿತು, ಕೂಲಿ ಕರಗಿತು. 1968ರ ಜೂನಿನಲ್ಲಿ ಸರ್ಕಾರ ತುರ್ತು ಅಧಿಕಾರ ಹಿಡಿದು ಕೂಲಿಯನ್ನು ಕಟ್ಟಿಹಾಕಿತು. 1973ರ ಜೂನ್ 27ರಂದು ಅಧ್ಯಕ್ಷ ಬೋರ್ದಾಬೆರ್ರಿ ಸೈನ್ಯದ ಬೆಂಬಲದಿಂದ ಪಾರ್ಲಿಮೆಂಟನ್ನು ಮುಚ್ಚಿದ. ಅದೇ ದಿನ ಕಾರ್ಮಿಕರು ಕಾರ್ಖಾನೆಗಳನ್ನು ಒಳಗಿನಿಂದಲೇ ವಶಪಡಿಸಿಕೊಂಡು ಕುಳಿತರು. ಲಾ ತೇಹಾ ಬಡಾವಣೆಯ ಸರ್ಕಾರಿ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಚಿಮಣಿಯ ಜ್ವಾಲೆಯನ್ನು ಕೆಲಸಗಾರರು ಆರಿಸಿದರು. ಆರಿದ ಆ ಜ್ವಾಲೆಯನ್ನು ನಗರವೆಲ್ಲ ನೋಡಿತು. ಸರ್ಕಾರ ಕಾರ್ಮಿಕರ ಮಹಾಸಂಘವನ್ನು ನಿಷೇಧಿಸಿತು. ಹದಿನೈದು ದಿನ ಮುಷ್ಕರ ನಡೆದು ಜುಲೈ 11ಕ್ಕೆ ನಿಂತಿತು. ಸೋಲು, ಹೌದು. ಸೆರೆಮನೆಗಳು ತುಂಬಿದವು, ಸಾವಿರಾರು ಜನ ದೇಶ ಬಿಟ್ಟರು, ಕೆಲವರು ಏನಾದರೆಂದು ಇಂದಿಗೂ ಮನೆಯವರಿಗೆ ತಿಳಿಯದು. ಆದರೆ ಹದಿನೈದು ದಿನ ಒಪ್ಪದೆ ನಿಂತ ಊರು ಮನಸ್ಸಿನಲ್ಲಿ ಒಪ್ಪಲೇ ಇಲ್ಲ. 1980ರಲ್ಲಿ ಸೈನ್ಯದವರು ತಮ್ಮ ಸಂವಿಧಾನಕ್ಕೆ ಜನಮತ ಕೇಳಿದಾಗ ಶೇಕಡಾ 57ರಷ್ಟು ಜನ ಬೇಡವೆಂದರು. 1985ರ ಮಾರ್ಚಿಯಲ್ಲಿ ಪ್ರಜಾಪ್ರಭುತ್ವ ಮರಳಿತು.

ಈ ನಗರದ ನಿಜವಾದ ಗುಣ ಕಾಣಬೇಕಾದರೆ ಅಲ್ಲಿಯ ಅರಮನೆಗಳನ್ನಲ್ಲ, ಸಹಕಾರಿ ಮನೆಗಳನ್ನು ನೋಡಬೇಕು. 1968ರ ವಸತಿ ಕಾನೂನಿನ ಆಧಾರದ ಮೇಲೆ ಕಾರ್ಮಿಕ ಕುಟುಂಬಗಳು ಸಂಘ ಕಟ್ಟಿ, ಸರ್ಕಾರದ ಸಾಲ ಪಡೆದು, ವಾರಕ್ಕೆ 21 ಗಂಟೆ ತಮ್ಮದೇ ಮೈದುಡಿಮೆ ಹಾಕಿ ಮನೆ ಕಟ್ಟುತ್ತವೆ. ಯಾವ ಮನೆ ಯಾರದೆಂದು ಗೊತ್ತಿಲ್ಲದೆ ಎಲ್ಲರೂ ಎಲ್ಲ ಗೋಡೆಗೂ ಇಟ್ಟಿಗೆ ಹೊರಬೇಕು. ಮನೆ ಸಂಘದ್ದು, ವಾಸದ ಹಕ್ಕು ಕುಟುಂಬದ್ದು. ಮಾರಿ ಲಾಭ ಹೊಡೆಯುವಂತಿಲ್ಲ. ಸೇನಾಸರ್ಕಾರ ಇದನ್ನು ಮುರಿದು ಒಂಟಿ ಒಂಟಿ ಆಸ್ತಿಯಾಗಿಸಲು ಹೊರಟಾಗ, 1984ರ ಫೆಬ್ರವರಿಯ ಒಂದು ಭಾನುವಾರ ಒಂದೇ ದಿನದಲ್ಲಿ ಮೂರು ಲಕ್ಷಕ್ಕೂ ಮೀರಿ ಸಹಿ ಬಿತ್ತು. ಅದೂ ಇಡೀ ದೇಶದ ಜನಸಂಖ್ಯೆ ಆಗ ಮೂವತ್ತು ಲಕ್ಷದ ಆಸುಪಾಸಿನಲ್ಲಿದ್ದಾಗ, ಸಹಿ ಹಾಕುವುದೇ ಧೈರ್ಯವಾಗಿದ್ದಾಗ.

1990ರಲ್ಲಿ ನಗರದ ಆಡಳಿತ ಎಡಪಕ್ಷಗಳ ವಿಶಾಲ ರಂಗದ ಕೈಗೆ ಬಂತು. ಲಾ ತೇಹಾದ ಎಣ್ಣೆ ಕಾರ್ಖಾನೆಯ ಕೆಲಸಗಾರನ ಮಗ, ಸಮಾಜವಾದಿ ವೈದ್ಯ ತಬಾರೆ ವಾಸ್ಕೆಸ್ ಮೇಯರಾದರು. 2005ರಲ್ಲಿ ದೇಶದ ಅಧ್ಯಕ್ಷರೂ ಆದರು. ಅಷ್ಟರಲ್ಲಿ 1992ರ ಡಿಸೆಂಬರಿನಲ್ಲಿ, ಸಾರ್ವಜನಿಕ ಉದ್ಯಮಗಳನ್ನು ಮಾರುವ ಕಾನೂನಿನ ಮುಖ್ಯ ಕಲಮುಗಳನ್ನು ಶೇಕಡಾ 72ರಷ್ಟು ಮತದಾರರು ರದ್ದುಮಾಡಿದ್ದರು. 2004ರಲ್ಲಿ, ಕುಡಿಯುವ ನೀರು ಮನುಷ್ಯನ ಮೂಲ ಹಕ್ಕು, ಅದರ ಸರಬರಾಜು ಸರ್ಕಾರದ್ದೇ ಎಂದು ಜನಮತದಿಂದ ಸಂವಿಧಾನದಲ್ಲೇ ಬರೆಸಿದರು.

ಇಲ್ಲಿಗೆ ಮುಗಿಸಿದರೆ ಕಥೆ ಸಿಹಿಯಾಗಿರುತ್ತದೆ, ಆದರೆ ಪೂರ್ತಿಯಾಗುವುದಿಲ್ಲ. 2023ರಲ್ಲಿ ಬರ ಬಿದ್ದು ಪಾಸೊ ಸೆವೆರೀನೊ ಜಲಾಶಯ ಒಣಗಿತು. ಆಗ ಪ್ಲಾಟಾ ನದೀಮುಖದ ಉಪ್ಪುನೀರನ್ನು ಬೆರೆಸಿ ನಗರದ ನಲ್ಲಿಗಳಿಗೆ ಬಿಟ್ಟರು. ಉಪ್ಪಿನಂಶದ ಮಿತಿಯನ್ನು ಅಧಿಕೃತವಾಗಿಯೇ ಏರಿಸಿದರು. ಹಣವಿದ್ದವರು ಬಾಟಲಿ ನೀರು ಕೊಂಡರು, ಇಲ್ಲದವರು ಉಪ್ಪುನೀರು ಕುಡಿದರು. ನೀರು ಹಕ್ಕೆಂದು ಸಂವಿಧಾನದಲ್ಲಿ ಬರೆದು ಹತ್ತೊಂಬತ್ತು ವರ್ಷವಾಗಿತ್ತು. ಉದ್ಯಮ ಸರ್ಕಾರದ್ದಾದ ಮಾತ್ರಕ್ಕೆ ಅದು ಜನರದ್ದಾಗುವುದಿಲ್ಲ. ಕೊಳವೆಗೆ ಎಷ್ಟು ಖರ್ಚಾಯಿತು, ಹೊಸ ಜಲಾಶಯ ಏಕೆ ಕಟ್ಟಲಿಲ್ಲ ಎಂದು ವರ್ಷ ವರ್ಷವೂ ಕೇಳುವವರು ಬೇಕು. ನಗರದ ಅಂಚಿನಲ್ಲಿ ಇಂದಿಗೂ ತಗಡಿನ ಗುಡಿಸಲುಗಳಿವೆ ಎಂಬುದನ್ನೂ ಮರೆಮಾಚುವುದು ಸಲ್ಲದು.

ಸುಮಾರು ಹದಿಮೂರು ಲಕ್ಷ ಜನರ ಈ ನಗರದಿಂದ ನಮ್ಮಂಥವರು ಕಲಿಯಬೇಕಾದದ್ದು ಮೂರು ಮಾತು. ಕಾನೂನು ಒಳ್ಳೆಯ ಮನಸ್ಸಿನಿಂದ ಹುಟ್ಟಬಹುದು, ಆದರೆ ಜಾರಿಗೆ ಬರುವುದು ಸಂಘಟನೆಯ ಬಲದಿಂದ. ಭೂಮಿಯ ಪ್ರಶ್ನೆಯನ್ನು ಬದಿಗಿಟ್ಟು ಪೇಟೆಯಲ್ಲಿ ಮಾತ್ರ ಸಮಾಜವಾದ ಕಟ್ಟಿದರೆ, ಹೊರದೇಶದ ಸಂತೆಯ ಬೆಲೆ ಬಿದ್ದ ದಿನ ಅದೂ ಬೀಳುತ್ತದೆ. ಗಳಿಸಿದ ಹಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಉಳಿಯದು. ದಿನವೂ ಕೈಯಲ್ಲಿ ಹಿಡಿದಿರಬೇಕು. ಮಾಂಟೆವಿಡಿಯೋದ ಕಾರ್ಮಿಕರು ಎಂಟು ಗಂಟೆಯ ಹಕ್ಕನ್ನು ಒಮ್ಮೆ ಗೆದ್ದರು. ಅದನ್ನು ಕಾಯುವ ಕೆಲಸ ಮಾತ್ರ ನೂರು ವರ್ಷ ಕಳೆದರೂ ಮುಗಿದಿಲ್ಲ.