ಪಟ್ಟಿ ನಾಯಿಗೋ, ಫೋಟೋಗೋ?

ಬೆಂಗಳೂರಿನ ಯಾವುದಾದರೂ ಪೆಟ್ ಶಾಪ್‌ಗೆ ಹೋಗಿ ನಾಯಿಗೆ ಕೊರಳಪಟ್ಟಿ ಬೇಕು ಅಂತ ಕೇಳಿ ನೋಡಿ. ಮೊದಲ ಪ್ರಶ್ನೆ, "ಯಾವ ಕಲರ್ ಸಾರ್?" ಎರಡನೇದು, "ಹೆಸರು ಬರೆಸಬೇಕಾ?" ಕತ್ತಿನ ಸುತ್ತಳತೆ ಎಷ್ಟು, ಕೂದಲು ಉದ್ದವಾ ಗಿಡ್ಡವಾ, ನಾಯಿ ಎಳೆಯುತ್ತಾ ಅಂತ ಯಾರೂ ಕೇಳಲ್ಲ. ಅಂಗಡಿಯವನನ್ನ ಬೈದು ಉಪಯೋಗವಿಲ್ಲ. ಅವನು ಕೇಳಿದರೂ ನಮ್ಮಲ್ಲಿ ಬಹಳ ಜನರ ಹತ್ತಿರ ಉತ್ತರ ಇರಲ್ಲ. "ಲ್ಯಾಬ್ರಡಾರ್‌ಗೆ, ದೊಡ್ಡದು ಕೊಡಿ" ಅಂದ್ರೆ ಮುಗೀತು. ಶೂ ಅರ್ಧ ಸೈಜ್ ಬಿಗಿಯಾದ್ರೆ ಅದೇ ದಿನ ವಾಪಸ್ ಕಳಿಸೋ ಜನ ನಾವು. ನಾಯಿಗೆ ವಾಪಸ್ ಕಳಿಸೋ ಆಪ್ಷನ್ ಇಲ್ಲ.

ನನ್ನ ತಕರಾರು ಇಷ್ಟೇ: ನಾವು ಕೊಳ್ಳುತ್ತಿರೋ ಪಟ್ಟಿಗಳಲ್ಲಿ ಹೆಚ್ಚಿನವು ನೋಡುವವರ ಕಣ್ಣಿಗಾಗಿ ಇವೆ, ಹಾಕಿಕೊಳ್ಳುವ ನಾಯಿಯ ಕತ್ತಿಗಾಗಿ ಇಲ್ಲ. ಮೊಳೆ ಹೊಡೆದ ಪಟ್ಟಿಯನ್ನೇ ತಗೊಳ್ಳಿ. ಹಿಮಾಲಯದ ಗದ್ದಿ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕ್ತಾರೆ. ಚಿರತೆ ಮೊದಲು ಹಿಡಿಯೋದು ಕತ್ತನ್ನ, ಅದಕ್ಕೆ. ಅಲ್ಲಿ ಅದು ಜೀವ ಉಳಿಸುವ ಸಾಮಾನು. ವೈಟ್‌ಫೀಲ್ಡ್‌ನ ಹದಿನಾಲ್ಕನೇ ಮಹಡಿಯಲ್ಲಿ ಸೋಫಾ ಮೇಲೆ ಮಲಗೋ ನಾಯಿಗೆ ಯಾವ ಚಿರತೆಯ ಭಯ ಸ್ವಾಮಿ?

ಸ್ವಲ್ಪ ಕೆಲಸದ ಮಾತಾಡೋಣ. ಗೋಲ್ಡನ್ ರಿಟ್ರೀವರ್, ಶಿಟ್ಜು, ಪಾಮೆರೇನಿಯನ್ ಥರದ ಉದ್ದ ಕೂದಲಿನ ನಾಯಿಗಳಿಗೆ ಅಗಲವಾದ ನೈಲಾನ್ ಪಟ್ಟಿ ದೊಡ್ಡ ಶತ್ರು. ಅದರ ಅಂಚು ಒರಟು. ನಾಯಿ ತಲೆ ಆಡಿಸಿದಾಗೆಲ್ಲ ಕೂದಲನ್ನ ಉಜ್ಜಿ ಮುರಿಯುತ್ತೆ. ಅಗಲದ ಕೆಳಗೆ ಸಿಕ್ಕ ಕೂದಲು ಗಂಟುಗಂಟಾಗಿ ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತೆ. ಸ್ನಾನ ಆದಮೇಲೋ ಮಳೆಯಲ್ಲಿ ನೆಂದಮೇಲೋ ಅಲ್ಲಿನ ತೇವ ಆರೋದೇ ಇಲ್ಲ. ಚರ್ಮ ಕೆಂಪಾಗುತ್ತೆ, ನಾಯಿ ಕೆರೆದುಕೊಳ್ಳುತ್ತೆ, ಹುಣ್ಣಾಗುತ್ತೆ. ಉಣ್ಣಿಗಳು ಅಡಗೋಕೂ ಅದೇ ಜಾಗ. ಕಬ್ಬಿಣದ ಚೈನ್ ಆದ್ರೆ ಕೊಂಡಿಗಳ ಸಂದಿಗೆ ಕೂದಲು ಸಿಕ್ಕಿ ಕಿತ್ತು ಬರುತ್ತೆ, ಬಿಳಿ ನಾಯಿಯಾದ್ರೆ ಕತ್ತಿನ ಸುತ್ತ ಕಪ್ಪು ಬಳೆ.

ಇಂಥ ನಾಯಿಗಳಿಗೆ ಹಗ್ಗದ ಹಾಗೆ ಗುಂಡಗೆ ಹೊಲಿದ ಮೆತ್ತನೆ ಚರ್ಮದ ಪಟ್ಟಿ ಸಿಗುತ್ತೆ. ಅಂಗಡಿಯಲ್ಲಿ ಇದನ್ನ ರೋಲ್ಡ್ ಕಾಲರ್ ಅಂತಾರೆ. ಮೈಗೆ ತಾಗೋ ಜಾಗ ಕಡಿಮೆ, ಅಂಚೇ ಇಲ್ಲ, ಕೂದಲ ನಡುವೆ ಜಾರಿಕೊಂಡು ಕೂರುತ್ತೆ. ಆದರೆ ತೀರಾ ಅಗ್ಗದ್ದನ್ನ ತರಬೇಡಿ, ನೆಂದರೆ ಬಣ್ಣ ಬಿಟ್ಟು ಕೂದಲಿಗೆ ಹತ್ತುತ್ತೆ.

ಹಾಗಂತ ಇದೇ ಪಟ್ಟಿ ಎಲ್ಲ ನಾಯಿಗೂ ಸರಿ ಅಂತಲ್ಲ. ಜೋರಾಗಿ ಎಳೆಯೋ ಗಿಡ್ಡ ಕೂದಲ ನಾಯಿಗೆ ಸಪೂರ ಪಟ್ಟಿ ಹಾಕಿದ್ರೆ ಒತ್ತಡವೆಲ್ಲ ಒಂದೇ ಗೆರೆಯಲ್ಲಿ ಬೀಳುತ್ತೆ. ಅದಕ್ಕೆ ಒಳಗಡೆ ಮೆತ್ತೆ ಇರೋ ಅಗಲ ಪಟ್ಟಿಯೇ ಬೇಕು. ನಮ್ಮ ಮುಧೋಳ ನಾಯಿಯ ತಲೆ ಸಣ್ಣ, ಕತ್ತು ಉದ್ದ. ಮಾಮೂಲಿ ಪಟ್ಟಿ ಹಾಕಿದ್ರೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ತಲೆ ಜಾರಿಸಿಕೊಂಡು ಓಡೇ ಹೋಗುತ್ತೆ. ಓಡಿದ್ರೆ ಹಿಡಿಯೋಕೆ ನಿಮ್ಮ ಬೈಕೂ ಸಾಲಲ್ಲ. ಅದಕ್ಕೆ ಎಳೆದಾಗ ಒಂದು ಮಿತಿವರೆಗೆ ಮಾತ್ರ ಬಿಗಿಯಾಗೋ ಮಾರ್ಟಿಂಗೇಲ್ ಪಟ್ಟಿ ಸರಿ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಚಿತ್ರ ಇರೋ ಸ್ಟಾಂಪ್ ತಂದಾಗ ಹೆಮ್ಮೆಪಟ್ಟ ನಾವು, ಅದರ ಕತ್ತಿಗೆ ಮಾತ್ರ ಲ್ಯಾಬ್ರಡಾರ್ ಪಟ್ಟಿಯನ್ನೇ ಕೊಳ್ತೀವಿ. ಇನ್ನು ಪಗ್. ಅದಕ್ಕೆ ಉಸಿರಾಡೋದೇ ಕಷ್ಟ. ಕತ್ತಿಗೆ ಒತ್ತಡ ಬಿದ್ರೆ ಕಣ್ಣಿನೊಳಗಿನ ಒತ್ತಡವೂ ಏರುತ್ತೆ. ಅದಕ್ಕೆ ಎದೆಗೆ ಹಾಕೋ ಹಾರ್ನೆಸ್ಸೇ ಗತಿ.

"ನಾಯಿಗೆ ಇಷ್ಟೆಲ್ಲಾ ಯಾಕ್ರೀ? ಹಳ್ಳಿ ನಾಯಿಗೆ ಏನಿತ್ತು?" ಅನ್ನೋರಿದ್ದಾರೆ. ಹಳ್ಳಿಯಲ್ಲೇ ಬೆಳೆದವನಾಗಿ ಹೇಳ್ತೀನಿ: ನಮ್ಮ ಕಡೆ ನಾಯಿಗೆ ಏನೂ ಇರಲಿಲ್ಲ, ನಿಜ. ಕಟ್ಟಿ ಹಾಕ್ತಾನೇ ಇರಲಿಲ್ಲ, ಪಟ್ಟಿ ಯಾಕೆ ಬೇಕಿತ್ತು? ಆದರೆ ಕಟ್ಟಿ ಹಾಕ್ತಿದ್ದ ಪ್ರಾಣಿಯ ಕತ್ತನ್ನ ದಿನಾ ನೋಡ್ತಿದ್ರು. ಎತ್ತಿನ ಕಣ್ಣಿ ಹೊಸದಾಗಿ ಒರಟಾಗಿದ್ರೆ ನಮ್ಮಪ್ಪ ಹಳೇ ಸೀರೆ ತುಂಡು ಸುತ್ತುತ್ತಿದ್ದರು. ನೊಗ ತಾಗಿ ಹೆಗಲು ಹುಣ್ಣಾದ ಎತ್ತನ್ನ ಹೂಡಿಕೊಂಡು ಹೋದ್ರೆ ಊರೇ ಉಗೀತಿತ್ತು. ಕಟ್ಟಿದವನಿಗೆ ಕಟ್ಟಿದ ಜಾಗ ನೋಡೋ ಜವಾಬ್ದಾರಿ ಇದೆ ಅನ್ನೋದು ಓದು ಬರಹ ಇಲ್ಲದವರಿಗೂ ಗೊತ್ತಿತ್ತು. ಸಿಟಿಗೆ ಬಂದ ನಾವು ಕಟ್ಟೋದನ್ನ ಮಾತ್ರ ತಂದುಕೊಂಡಿದ್ದೀವಿ.

ಇನ್ನೊಂದು ವಾದ: "ಚೋಕ್ ಚೈನ್ ಇಲ್ಲದಿದ್ರೆ ನಮ್ಮ ನಾಯಿ ಕಂಟ್ರೋಲ್ ಆಗಲ್ಲ." ಎಳೆದಷ್ಟೂ ಬಿಗಿಯಾಗಿ, ಕತ್ತು ಹಿಸುಕಿ ನಾಯಿಯನ್ನ ನಿಲ್ಲಿಸೋ ಚೈನ್ ಅದು. ನಿಂತ ನಾಯಿ ಪಾಠ ಕಲಿತಿಲ್ಲ, ನೋವಿಗೆ ಹೆದರಿದೆ ಅಷ್ಟೇ. ಒಳಮುಖ ಮೊಳೆ ಇರೋ ಪ್ರಾಂಗ್ ಕಾಲರ್ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ನಿಷಿದ್ಧ. ನಮ್ಮಲ್ಲಿ ಆರ್ಡರ್ ಮಾಡಿದ್ರೆ ಮನೆ ಬಾಗಿಲಿಗೇ ಬರುತ್ತೆ. ಇಡೀ ದಿನ ಬಾಲ್ಕನಿಯಲ್ಲಿ ಕೂಡಿಹಾಕಿ ಸಂಜೆ ಹದಿನೈದು ನಿಮಿಷ ಹೊರಗೆ ತಂದ್ರೆ ಎಳೆಯದೆ ಇನ್ನೇನು ಮಾಡುತ್ತೆ? ಮೂರು ಗಂಟೆ ಮೀಟಿಂಗ್ ಮುಗಿದಮೇಲೆ ನಾವು ಕ್ಯಾಂಟೀನ್ ಕಡೆ ಹೇಗೆ ಹೋಗ್ತೀವಿ, ನೆನಪಿಸಿಕೊಳ್ಳಿ. ನಿಜವಾಗ್ಲೂ ಎಳೆಯುತ್ತಾ? ಎದೆಯ ಮುಂದೆ ಕೊಂಡಿ ಇರೋ ಹಾರ್ನೆಸ್ ಹಾಕಿ, ನಡಿಗೆ ಹೆಚ್ಚಿಸಿ.

ಕಾನೂನು ಕಾಪಾಡುತ್ತೆ ಅಂತ ಕಾಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನ ಅತಿಯಾದ ಹೊತ್ತು ಕಟ್ಟಿಹಾಕೋದು ಅಪರಾಧ. ಸದಾ ಕಟ್ಟಿಟ್ಟ ನಾಯಿಗೆ ಓಡಾಟ ಕೊಡದಿರೋದೂ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದಿರೋ ದಂಡ 10ರಿಂದ 50 ರೂಪಾಯಿ! ಟೆಕ್ ಪಾರ್ಕ್‌ನಲ್ಲಿ ಒಂದು ಕಾಪುಚಿನೋ ಕೂಡ ಬರಲ್ಲ ಅಷ್ಟಕ್ಕೆ.

ಬೀದಿನಾಯಿಗೆ ಪ್ರೀತಿಯಿಂದ ಪಟ್ಟಿ ಕಟ್ಟೋರಿಗೂ ಒಂದು ಮಾತು. ರಾತ್ರಿ ಗಾಡಿಗಳಿಗೆ ಕಾಣಲಿ ಅಂತ ಹೊಳೆಯೋ ಪಟ್ಟಿ ಹಾಕೋದು ಒಳ್ಳೇ ಕೆಲಸವೇ. ಆದರೆ ಮರಿಗೆ ಕಟ್ಟಿ ನೀವು ಮನೆ ಬದಲಾಯಿಸಿಬಿಟ್ರೆ? ಮರಿ ಬೆಳೆಯುತ್ತೆ, ಪಟ್ಟಿ ಬೆಳೆಯಲ್ಲ. ಕೊನೆಗೆ ಅದು ಚರ್ಮದೊಳಕ್ಕೇ ಇಳಿಯುತ್ತೆ, ಡಾಕ್ಟರು ಕತ್ತರಿಸಿ ತೆಗೀಬೇಕಾಗುತ್ತೆ. ವಾರ ವಾರ ನೋಡೋಕೆ ಆಗದಿದ್ರೆ ಕಟ್ಟಲೇಬೇಡಿ.

ಮನೆ ನಾಯಿಗೆ ಮಾಡಬೇಕಾದ್ದು ಬಹಳ ಇಲ್ಲ. ಟೇಪ್ ಹಿಡಿದು ಕತ್ತು ಅಳೆಯಿರಿ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಮರಿಯಾದ್ರೆ ವಾರಕ್ಕೊಮ್ಮೆ ಪರೀಕ್ಷೆ. ನೆಂದ ಪಟ್ಟಿ ಬಿಚ್ಚಿ ಒಣಗಿಸಿ. ಬಾಗಿಲು ಹಾಕಿದಮೇಲೆ ಮನೆಯೊಳಗೆ ಪಟ್ಟಿಯ ಕೆಲಸವೇ ಇಲ್ಲ, ರಾತ್ರಿ ತೆಗೆದಿಡಿ. ಇವತ್ತೇ ಬಿಚ್ಚಿ, ಕತ್ತಿನ ಕೂದಲನ್ನ ಹಿಂದಕ್ಕೆ ಸವರಿ ಒಮ್ಮೆ ನೋಡಿ. ಕೂದಲು ಉದುರಿದ ಗೆರೆ, ಗಂಟು, ಕೆಂಪು ಏನಾದ್ರೂ ಕಂಡ್ರೆ ಆ ಪಟ್ಟಿಯನ್ನ ಕಸದ ಬುಟ್ಟಿಗೆ ಹಾಕಿ, ಎಷ್ಟೇ ದುಡ್ಡು ಕೊಟ್ಟಿದ್ರೂ ಸರಿ, ನಾಯಿಯ ಹೆಸರು ಎಷ್ಟೇ ಚೆಂದದ ಅಕ್ಷರದಲ್ಲಿ ಬರೆಸಿದ್ರೂ ಸರಿ. ಅದಕ್ಕೆ ಓದೋಕೆ ಬರಲ್ಲ.