ಒಪ್ಪಿಗೆಯ ಮುದ್ರೆಯಷ್ಟೇ ಸಾಲದು



ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಕಲ್ಲಿದ್ದಲು ಗಣಿ ಸಿಡಿಯಲು ಒಂದು ಕಿಡಿ ಸಾಕು. 1965ರಲ್ಲಿ, ಇಂದಿನ ಜಾರ್ಖಂಡ್‌ನ ಧೋರಿ ಗಣಿಯಲ್ಲಿ ಸಂಭವಿಸಿದ ಸ್ಫೋಟ 268 ಕಾರ್ಮಿಕರನ್ನು ಬಲಿ ಪಡೆಯಿತು. ಇಂಥ ಗಣಿಗಳ ವಿದ್ಯುತ್ ಸಲಕರಣೆಗಳಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕಿರುವುದು ಇದಕ್ಕಾಗಿಯೇ. ಒಪ್ಪಿಗೆಗೆ ಮುನ್ನ ನಡೆಯುವ ಪರೀಕ್ಷೆಯಿಂದ ವಿಳಂಬ, ವೆಚ್ಚ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಪ್ರಯೋಗಾಲಯಗಳನ್ನು ಹೆಚ್ಚಿಸುವುದೇ ಹೊರತು ನಿಯಮ ಸಡಿಲಿಸುವುದಲ್ಲ. ತಯಾರಕರೇ ಪ್ರಮಾಣಪತ್ರ ಕೊಟ್ಟುಕೊಳ್ಳಲಿ ಎಂಬ ವಾದವೂ ನಿಲ್ಲದು, ಮಾರುವವನೇ ತೀರ್ಪುಗಾರನಾಗಬಾರದು.

ಆದರೆ ಒಪ್ಪಿಗೆಯೊಂದೇ ಸಾಲದು. ಅದಕ್ಕಾಗಿ ಪರೀಕ್ಷೆಗೊಳಗಾಗುವುದು ಹೊಸ ಮಾದರಿ. ಗಣಿಯೊಳಗೆ ದುಡಿಯುವುದು ಹಲವು ಸಲ ಬಿಚ್ಚಿ ಜೋಡಿಸಿದ ಯಂತ್ರ. ವಿದ್ಯುತ್ ಭಾಗಗಳನ್ನು ಮುಚ್ಚಿಡುವ ಜ್ವಾಲಾನಿರೋಧಕ ಪೆಟ್ಟಿಗೆಯ ಬೋಲ್ಟ್ ಸಡಿಲವಾಗಿದ್ದರೂ ಒಳಗಿನ ಬೆಂಕಿ ಹೊರಚಿಮ್ಮಬಹುದು. ಆದ್ದರಿಂದ ಪ್ರತಿ ದೊಡ್ಡ ರಿಪೇರಿಯ ನಂತರವೂ ಸ್ವತಂತ್ರ ತಪಾಸಣೆಯನ್ನು ಸರ್ಕಾರ ಕಡ್ಡಾಯಗೊಳಿಸಲಿ.

– ಒಬ್ಬ ಓದುಗ, ರಾಯಚೂರು