ಬಿಚ್ಚಿದವನೇ ಜೋಡಿಸಬೇಕು

ಬಲ್ಲವರ ಸಹಾಯ ಅಂದರೆ ಬಲ್ಲವರು ನಮ್ಮ ಕೆಲಸ ಮಾಡಿಕೊಡುವುದು ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಲೆಕ್ಕ ಬರದಿದ್ದರೆ ಪಕ್ಕದವನ ನೋಟ್ಸು, ಜರ್ನಲ್ ಬರೆಯದಿದ್ದರೆ ಸೀನಿಯರನ ಜರ್ನಲ್. ನಾನೂ ಎರಡು ವರ್ಷ ಹೀಗೇ ಎಂಜಿನಿಯರಿಂಗ್ ಓದಿದೆ. ಆದರೆ ಕಳೆದ ಹತ್ತು ತಿಂಗಳು ಒಂದು ಹಳೇ ಯೆಜ್ಡಿ ಮೋಟಾರ್ ಸೈಕಲ್ಲಿನ ಜೊತೆ ಒದ್ದಾಡಿದ ಮೇಲೆ ಬೇರೆ ಅಭಿಪ್ರಾಯಕ್ಕೆ ಬಂದಿದ್ದೇನೆ. ಕಲಿಯುವವನ ಕೈಯಿಂದ ಪಾನಾ ಕಿತ್ತುಕೊಳ್ಳದೆ ಪಕ್ಕದಲ್ಲಿ ನಿಲ್ಲುವವನೇ ನಿಜವಾಗಿ ಸಹಾಯ ಮಾಡುವವನು. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಜಗಳಕ್ಕೆ ಬರಬಹುದು. ಜಾಗ ಕೊಡುವುದು ಬಿಡುವುದು ಸಂಪಾದಕರಿಗೆ ಸೇರಿದ್ದು.

ಗಾಡಿ ನನ್ನ ಸೋದರಮಾವನದು, 1974ರದು. ಧಾರವಾಡದ ಮನೆಯ ಹಿತ್ತಲಲ್ಲಿ ಹದಿನೆಂಟು ವರ್ಷ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಮಾಮಾನಿಗೆ ಈಗ ಕಣ್ಣು ಕಾಣುವುದಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಂದರು: “ಗುಜರಿಯವ ದಿನಾ ಬಂದು ಕೇಳಾಕತ್ತಾನ. ನಿನಗ ಬೇಕಂದ್ರ ಒಯ್ಯಿ. ಆದ್ರ ಒಂದ ಮಾತು ಲೇ ತಮ್ಮಾ, ಚಾಲೂ ಆದ ದಿನಾ ಫೋನಿನ್ಯಾಗ ಆವಾಜ್ ಕೇಳಸು. ನೋಡಾಕಂತೂ ಆಗೂದಿಲ್ಲ.” ಲಾರಿಯಲ್ಲಿ ಹಾಕಿಸಿ ಪುಣೆಗೆ ತಂದೆ. ಪೇಠೆಯ ಹಳೇ ವಾಡೆಯೊಂದರಲ್ಲಿ ನನ್ನ ರೂಮು. ಅಂಗಳದ ಮೂಲೆಯಲ್ಲಿ ಜಾಗ ಸಿಕ್ಕಿತು. ಮನೆಯೊಡತಿಯ ಗೊಣಗಾಟವೂ ಜೊತೆಗೆ ಸಿಕ್ಕಿತು.

ಯೆಜ್ಡಿ ಅಂದರೇನು ಅಂತ ಮೈಸೂರಿನವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಅಂದಿನ ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಶುರುವಾದದ್ದು ಜಾವಾ ಮೋಟಾರ್ ಸೈಕಲ್ಲು. ಅದನ್ನು ನಮ್ಮ ದೇಶದಲ್ಲಿ ಮಾಡುವ ಲೈಸೆನ್ಸ್ ಪಡೆದು ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಹಾಕಿತು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬಂದವು. 1973ರಿಂದ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿವೆ, ನಿಜ. ಆದರೆ ಅವು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿಗಳು. ನಮ್ಮದು ಟೂ ಸ್ಟ್ರೋಕ್: ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರಿನ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್. ಹೊಸ ಗಾಡಿಯ ಒಂದು ವಾಷರೂ ಇದರ ಎಂಜಿನ್ನಿಗೆ ಬರುವುದಿಲ್ಲ.

ಮೊದಲ ಭಾನುವಾರವೇ ನಾನು ಮಾಡಿದ್ದು ಮಹಾಪರಾಧ. ಉತ್ಸಾಹದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ, ಅಷ್ಟೂ ನಟ್ಟು ಬೋಲ್ಟುಗಳನ್ನು ಒಂದೇ ಬಕೆಟ್ಟಿಗೆ ಸುರಿದೆ. ಸಂಜೆ ಹೊತ್ತಿಗೆ ಯಾವುದು ಎಲ್ಲಿಯದು ಅಂತ ದೇವರಿಗೂ ತಿಳಿಯದ ಸ್ಥಿತಿ. ಗಲ್ಲಿಯ ತುದಿಯಲ್ಲಿ ಒಬ್ಬ ಮುದುಕ ಮಿಸ್ತ್ರಿಯ ಗ್ಯಾರೇಜಿದೆ. ಓಡಿಹೋಗಿ ಕೈ ಮುಗಿದೆ: “ಕಾಕಾ, ಎಷ್ಟಾದರೂ ಆಗಲಿ, ನೀವೇ ಜೋಡಿಸಿಕೊಡಿ.” ಅವರು ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿ, ಬೀಡಿ ಹಚ್ಚಿ, ಮರಾಠಿಯಲ್ಲಿ ಅಂದರು: “ತೂಚ್ ಉಘಡ್ಲಂಸ್, ಆತಾ ತೂಚ್ ಜೋಡ್.” ನೀನೇ ಬಿಚ್ಚಿದೆ, ಈಗ ನೀನೇ ಜೋಡಿಸು. ಆಮೇಲೆ ಒಂದು ಹಳೇ ಮೊಟ್ಟೆಯ ಟ್ರೇ ಕಳಿಸಿಕೊಟ್ಟರು. ಒಂದೊಂದು ಗುಳಿಗೆ ಒಂದೊಂದು ಜಾಗದ ಬೋಲ್ಟು. ಎರಡು ವರ್ಷದಲ್ಲಿ ನಾನು ಕಲಿತ ಮೊದಲ ಎಂಜಿನಿಯರಿಂಗ್ ಪಾಠ ಆ ಟ್ರೇ.

ಅಂದಿನಿಂದ ದಿನಾ ಸಂಜೆ ಕಾಕಾ ಬಂದು ಕಲ್ಲಿನ ಮೇಲೆ ಕೂತುಕೊಳ್ಳುವುದು, ನಾನು ಕೈ ಮಸಿ ಮಾಡಿಕೊಳ್ಳುವುದು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಸುತ್ತಿಗೆ ಎತ್ತಿದೆ. “ತಡಿ” ಅಂದರು. ಪ್ಲಗ್ಗಿನ ತೂತಿನಿಂದ ಡೀಸೆಲ್ ಹಾಕಿ ಎಂಟು ದಿನ ಕಾದೆವು. ಒಂಬತ್ತನೆಯ ದಿನ ತಾನಾಗಿ ಬಿಟ್ಟುಕೊಟ್ಟಿತು. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ತೆಗೆಯುವ ಮುಂಚೆ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿಸಿದರು. ಆ ಪುಟ್ಟ ತಂತಿ ಚಿಮ್ಮಿ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕು. ಯಾವ ಪಠ್ಯಪುಸ್ತಕದಲ್ಲಿದೆ ಸ್ವಾಮಿ, ಆ ಬಟ್ಟೆ?

ಸಿಲಿಂಡರ್ ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ತಂದು ಜೋಡಿಸುವ ದಿನ ಬಂತು. ಟೂ ಸ್ಟ್ರೋಕ್ ಪಿಸ್ಟನ್ನಿನ ಗಾಡಿಯಲ್ಲಿ, ಅಂದರೆ ರಿಂಗ್ ಕೂರುವ ಕೊರೆತದಲ್ಲಿ, ಒಂದು ಸಣ್ಣ ಮೊಳೆ ಇರುತ್ತದೆ. ರಿಂಗಿನ ಎರಡೂ ತುದಿಗಳು ಆ ಮೊಳೆಯ ಅಕ್ಕಪಕ್ಕಕ್ಕೇ ಬರಬೇಕು. ರಿಂಗು ತಿರುಗಿ ಅದರ ತುದಿ ಸಿಲಿಂಡರಿನ ಕಿಂಡಿಗೆ ಸಿಕ್ಕಿಕೊಳ್ಳದಿರಲಿ ಅಂತ ಆ ಏರ್ಪಾಡು. ನಾನು ನೋಡಲಿಲ್ಲ. ಸಿಲಿಂಡರನ್ನು ಒತ್ತಿದೆ. ಟಿಕ್ ಅಂತ ಸದ್ದಾಯಿತು, ರಿಂಗು ಎರಡು ತುಂಡು. ಕಾಕಾ ಎಲ್ಲ ನೋಡುತ್ತಲೇ ಇದ್ದರು. ನನಗೆ ಸಿಟ್ಟು ಬಂತು. “ಮೊದಲೇ ಯಾಕೆ ಹೇಳಲಿಲ್ಲ?” ಅಂದೆ. “ಹೇಳಿದ್ದರೆ ನಾಳೆಗೆ ಮರೆಯುತ್ತಿದ್ದೆ” ಅಂದರು.

ಆ ರಾತ್ರಿ ಯೋಚಿಸಿದೆ. ಈ ಮನುಷ್ಯ ಎಲ್ಲ ಕಡೆಯೂ ಸುಮ್ಮನಿದ್ದವರಲ್ಲ. ತಿರುಗುವ ಚೈನಿನ ಹತ್ತಿರ ಕೈ ಒಯ್ದಾಗ ತಲೆಗೆ ಮೊಟಕಿದ್ದರು. ಬ್ರೇಕ್ ಜೋಡಿಸಿದ ಮೇಲೆ ಎರಡು ಸಲ ತಾವೇ ಪರೀಕ್ಷೆ ಮಾಡಿದ್ದರು. ಬೆರಳು ಹೋಗುವ ಕಡೆ ಬೈದರು, ರಿಂಗು ಹೋಗುವ ಕಡೆ ಸುಮ್ಮನಿದ್ದರು. ಕಲಿಸುವ ಕಲೆ ಅಂದರೆ ಇದೇ ಅಂತ ನನ್ನ ಖಚಿತ ಅಭಿಪ್ರಾಯ. ಯಾವ ತಪ್ಪು ಅಗ್ಗದ್ದು, ಯಾವುದು ದುಬಾರಿ ಅಂತ ಗುರುವಿಗೆ ಗೊತ್ತಿರಬೇಕು. ಅಗ್ಗದ ತಪ್ಪನ್ನು ಶಿಷ್ಯನಿಗೆ ಬಿಟ್ಟುಕೊಡುವ ಉದಾರತನವೂ ಇರಬೇಕು. ನಮ್ಮಲ್ಲಿ ಬಹಳ ಜನ ಬಲ್ಲವರಿಗೆ ಈ ಎರಡನೆಯದಿಲ್ಲ. ಒಂದೋ “ಇದು ನಿನ್ನ ಕೈಲಾಗೋದಲ್ಲ, ಆಚೆ ಸರಿ” ಅನ್ನುತ್ತಾರೆ. ಇಲ್ಲವೇ ಹಳೇ ಗಾಡಿಯ ಮರೂನ್ ಬಣ್ಣ ಎಷ್ಟು ಕಪ್ಪಗಿರಬೇಕು ಅಂತ ಚಹಾ ಕುಡಿಯುತ್ತ ಮೂರು ತಾಸು ವಾದ ಮಾಡುತ್ತಾರೆ.

ಏಳನೆಯ ತಿಂಗಳಲ್ಲಿ ಎಂಜಿನ್ ಕೂಗಿತು. ಆದರೆ ವಾಡೆಯ ತುಂಬ ಬಿಳಿ ಹೊಗೆ! ಅಂಥ ಆವಾಜನ್ನು ಮಾಮಾನಿಗೆ ಕೇಳಿಸಲು ಮನಸ್ಸಾಗಲಿಲ್ಲ. ಜುನಾ ಬಜಾರಿನಲ್ಲಿ ಬಿಡಿಭಾಗ ಹುಡುಕುವಾಗ ಪರಿಚಯವಾದ ಹಿರಿಯ ಸವಾರರೊಬ್ಬರು ಮೈಸೂರಿನ ಒಂದು ನಂಬರು ಕೊಟ್ಟರು. ಆ ಕಾರ್ಖಾನೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ಅಜ್ಜ. ಕನ್ನಡದಲ್ಲಿ ಮಾತಾಡಿದ್ದೇ ಖುಷಿಯಾದರು. ಆದರೆ ಉತ್ತರ ಹೇಳಲಿಲ್ಲ, ಪ್ರಶ್ನೆ ಕೇಳಿದರು: “ಏನಪ್ಪಾ, ಗೇರ್ ಬಾಕ್ಸಿನ ಎಣ್ಣೆ ಅಳೆದು ನೋಡಿದೀಯಾ? ನೋಡ್ಬಿಟ್ಟು ಆಮೇಲೆ ಫೋನ್ ಮಾಡು.” ನೋಡಿದೆ. ಎಣ್ಣೆ ಇಳಿದಿತ್ತು. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸು ಪೆಟ್ರೋಲು ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಕ್ರ್ಯಾಂಕಿನ ಸೀಲ್ ಹರಿದಿದ್ದರೆ ಗೇರಿನ ಎಣ್ಣೆಯನ್ನೂ ಎಳೆದುಕೊಂಡು ಸುಡುತ್ತದೆ. ಈ ತತ್ವವನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದವನು ನಾನೇ! ಹೊಗೆ ಕಣ್ಣಿಗೆ ಹೊಕ್ಕಾಗ ಮಾತ್ರ ಅದು ನೆನಪಾಗಲಿಲ್ಲ. ಕ್ಲಚ್ಚಿನ ಕಡೆಯದನ್ನೆಲ್ಲ ಮತ್ತೆ ಬಿಚ್ಚಿದೆ. ಈ ಸಲ ಟ್ರೇಯಲ್ಲಿಟ್ಟೆ.

ಗೆಳೆಯರು ಎತ್ತಿದ ಆಕ್ಷೇಪಗಳು ಎರಡು. ಮೊದಲನೆಯದು, “ದುಡ್ಡು ಕೊಟ್ಟಿದ್ದರೆ ಹದಿನೈದು ದಿನದಲ್ಲಿ ಮುಗಿಯುತ್ತಿತ್ತಲ್ಲೋ!” ಮುಗಿಯುತ್ತಿತ್ತು. ಆಗ ನನ್ನ ಹತ್ತಿರ ಒಂದು ಗಾಡಿ ಇರುತ್ತಿತ್ತು, ಅಷ್ಟೇ. ಎರಡನೆಯದು, “ಹೊಗೆ ಕಾರುವ ಹಳೇ ಯಂತ್ರಕ್ಕೆ ಯಾಕಿಷ್ಟು ಮೋಹ?” ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಟೂ ಸ್ಟ್ರೋಕ್ ಎಂಜಿನ್ ಸುಡದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಗೆ ಉಗುಳುತ್ತದೆ. ಅದು ರಸ್ತೆಯಿಂದ ಮರೆಯಾದದ್ದಕ್ಕೆ ಇದೇ ದೊಡ್ಡ ಕಾರಣ. ದಿನಾ ಕಾಲೇಜಿಗೆ ಇದರಲ್ಲಿ ಬರುವ ವಿಚಾರ ನನಗಿಲ್ಲ. ನನಗೆ ಉಳಿಸಿಕೊಳ್ಳಬೇಕೆನಿಸಿದ್ದು ಹೊಗೆಯನ್ನಲ್ಲ, ಕೈಯ ತಿಳಿವಳಿಕೆಯನ್ನು.

ಲೆಕ್ಕ ಹಾಕಿ ನೋಡಿ. 1961ರಲ್ಲಿ ಇಪ್ಪತ್ತು ವರ್ಷದವನಾಗಿ ಆ ಕಾರ್ಖಾನೆಗೆ ಸೇರಿದವನು ಈಗ ಎಂಬತ್ತು ದಾಟಿದ್ದಾನೆ. 1996ರಲ್ಲಿ ಕೆಲಸ ಕಳೆದುಕೊಂಡ ಇಪ್ಪತ್ತೈದರ ಹುಡುಗನೂ ಐವತ್ತು ದಾಟಿದ್ದಾನೆ. ಅವರು ಬೆರಳ ತುದಿಯಲ್ಲಿ ಬಲ್ಲದ್ದನ್ನೆಲ್ಲ ಯಾರೂ ಬರೆದಿಡಲಿಲ್ಲ, ಬರೆಯುವಂಥದ್ದೂ ಅಲ್ಲ. ಕೇಳುವವರು ಹೋಗದಿದ್ದರೆ ಅದು ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ನಮ್ಮಂಥ ಹೊಸಬರಿಗೂ ಒಂದು ಧರ್ಮವಿದೆ. ಮೊದಲು ನೀನು ನೋಡು, ಅಳೆ, ಒಂದು ಸಲ ಸೋಲು. ಆಮೇಲೆ ಕೇಳು, ನಾಚದೆ ಕೇಳು. ಸಿಕ್ಕಿದ್ದನ್ನು ಇನ್ನೊಬ್ಬನಿಗೆ ದಾಟಿಸು.

ಹೋದ ಶುಕ್ರವಾರ ಸಂಜೆ ಎರಡನೇ ಕಿಕ್ಕಿಗೆ ಗಾಡಿ ಚಾಲೂ ಆಯಿತು. ಮೊದಲನೆಯದು ವಾಪಸ್ ಹೊಡೆದು ಕಾಲು ನೋಯಿಸಿತು. ಹೊಗೆ ತೆಳ್ಳಗಿತ್ತು. ಧಾರವಾಡಕ್ಕೆ ಫೋನ್ ಹಚ್ಚಿ ಸೈಲೆನ್ಸರಿನ ಹತ್ತಿರ ಹಿಡಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಭೇಷ್ ಅಂತಾರೇನೋ ಅಂತ ಕಾದೆ. ಮಾಮಾ ಅಂದದ್ದು ಇಷ್ಟು: “ಟೈಮಿಂಗ್ ಒಂಚೂರು ಮುಂದ ಆಗೈತಿ. ಕಿಕ್ ವಾಪಸ್ ಹೊಡೀತಿರಬೇಕು, ನೋಡು.”

ನಾಡಿದ್ದು ಭಾನುವಾರ ಪಾಯಿಂಟಿನ ಕವರ್ ಬಿಚ್ಚುತ್ತೇನೆ. ಮೊದಲ ವರ್ಷದ ಹುಡುಗನೊಬ್ಬ ನೋಡಲು ಬರುತ್ತೇನೆ ಅಂದಿದ್ದಾನೆ. ಇಷ್ಟೆಲ್ಲ ಬರೆದ ಮೇಲೆ ಪಾನಾ ಅವನ ಕೈಗೆ ಕೊಡಲೇಬೇಕು. ಕೊಡಲು ಮನಸ್ಸು ಬರುವುದಿಲ್ಲ ಅಂತ ಈಗಲೇ ಗೊತ್ತಾಗುತ್ತಿದೆ.